ಕೈಗವಸು ಕಳಚಿದ ಮೇಲೆ: ಗೋಲ್‌ಕೀಪರ್ ಒಬ್ಬರು ಮುಖ್ಯ ಕೋಚ್ ಆದ ಪ್ರಕರಣ

ಗೋಲ್‌ಕೀಪರ್‌ಗೆ ಇಡೀ ಮೈದಾನ ಕಾಣುತ್ತದೆ, ಹಾಗಾಗಿ ಅವನು ಒಳ್ಳೆಯ ಕೋಚ್ ಆಗುತ್ತಾನೆ ಎಂದು ಫುಟ್‌ಬಾಲ್ ವಲಯದಲ್ಲಿ ಬಹಳ ಮಂದಿ ಹೇಳುತ್ತಾರೆ. ಹಾಗೆ ಹೇಳುವವರೇ ನೇಮಕದ ಹೊತ್ತು ಬಂದಾಗ ಮಿಡ್‌ಫೀಲ್ಡರ್ ಆಗಿದ್ದವರನ್ನು ಹುಡುಕಿಕೊಂಡು ಹೋಗುತ್ತಾರೆ. ಕೀಪರ್ ಆಗಿದ್ದು ಕೋಚ್ ಆದವರಲ್ಲಿ ಇಟಲಿಯ ಡಿನೊ ಝಾಫ್ 40ನೇ ವಯಸ್ಸಿನಲ್ಲಿ ನಾಯಕನಾಗಿ 1982ರ ವಿಶ್ವಕಪ್ ಗೆದ್ದರು, ಕೋಚ್ ಆಗಿ ಇಟಲಿಯನ್ನು 2000ದ ಯೂರೊ ಫೈನಲ್‌ಗೆ ತಂದರು. ಕೀಪರ್ ಆಗಿದ್ದ ಬೆಲ್ಜಿಯಂನ ರೇಮಂಡ್ ಗೂತಾಲ್ಸ್ 1993ರಲ್ಲಿ ಕೋಚ್ ಆಗಿ ಫ್ರಾನ್ಸಿನ ಮಾರ್ಸೆ ತಂಡಕ್ಕೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು. ನಮ್ಮ ಕಾಲದಲ್ಲಿ ನೂನೊ ಎಸ್ಪಿರಿಟೊ ಸಾಂಟೊ, ಹೂಲೆನ್ ಲೊಪೆಟೆಗಿ ಇದ್ದಾರೆ. ಇನ್ನೂ ಕೆಲವರು ಸಿಗಬಹುದು, ಆದರೆ ಪಟ್ಟಿ ಬೇಗ ಮುಗಿಯುತ್ತದೆ.

ಈ ಬರಹದ ವ್ಯಕ್ತಿ ಆ ಪಟ್ಟಿಯಲ್ಲಿ ಸೇರುವಷ್ಟು ದೊಡ್ಡವರಲ್ಲ. ಅವರ ಹೆಸರು, ಕ್ಲಬ್ಬು, ದೇಶ ಇಲ್ಲಿಲ್ಲ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರು ಮುಖ್ಯ ಕೋಚ್ ಆಗಿದ್ದ ಕಾಲದಲ್ಲಿ, ಲೈಸೆನ್ಸ್ ತರಬೇತಿಯ ಭಾಗವಾಗಿ, ನಾನು ಅವರ ಮಾರ್ಗದರ್ಶಕನಾಗಿದ್ದೆ. ಪಂದ್ಯಗಳನ್ನು ನೋಡುವುದು, ಆಮೇಲೆ ಕೂತು ಮಾತಾಡುವುದು, ಇಷ್ಟೇ ನನ್ನ ಕೆಲಸ. ತಂಡವನ್ನು ಆಡಿಸುವ ಅಧಿಕಾರ ನನಗಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಹಿನ್ನೆಲೆ

ಎರಡನೇ ದರ್ಜೆಯ ಲೀಗಿನಲ್ಲಿ ಬಹುಕಾಲ ಆಡಿದವರು. ನಡುವೆ ಕೆಲವು ಋತುಗಳನ್ನು ಮೊದಲ ದರ್ಜೆಯ ಕ್ಲಬ್ಬೊಂದರಲ್ಲಿ ಎರಡನೇ ಕೀಪರ್ ಆಗಿ ಬೆಂಚಿನ ಮೇಲೆ ಕಳೆದರು. 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬಂದಾಗ ಅವರಿನ್ನೂ ಶಾಲಾ ಹುಡುಗ. ತನ್ನದೇ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ ಎಂಬ ಆ ನಿಯಮ ಕೀಪರ್‌ಗಳ ಕಸುಬನ್ನೇ ಬದಲಿಸಿತು. ಆದರೆ ಅವರಿಗೆ ಕಲಿಸಿದವರು ಹಳೆಯ ಪಾಠದವರು: ಕೈಯಲ್ಲಿ ಹಿಡಿ, ಕಾಲಿಗೆ ಬಂದರೆ ದೂರಕ್ಕೆ ಒದೆ. ಕಾಲಾಟವನ್ನು ಅವರು ತಡವಾಗಿ, ಒಲ್ಲದ ಮನಸ್ಸಿನಿಂದ ಕಲಿತರು. ಇದು ಮುಂದೆ ಲೆಕ್ಕಕ್ಕೆ ಬರುತ್ತದೆ.

ಬೆಂಚಿನ ಮೇಲಿನ ಆ ವರ್ಷಗಳನ್ನು ಅವರು ವ್ಯರ್ಥವಾದವು ಎನ್ನುತ್ತಾರೆ. ನನ್ನ ಎಣಿಕೆ ಬೇರೆ. ಗಾಯಾಳುವಾಗದ ಮೊದಲನೇ ಕೀಪರ್ ಇರುವ ತಂಡದಲ್ಲಿ ಎರಡನೆಯವನಿಗೆ ಕೋಚ್‌ಗಳ ಮಗ್ಗುಲಲ್ಲಿ ಕೂತು ಅವರ ಮಾತು ಕೇಳುವುದೇ ಕೆಲಸ. ಯಾರನ್ನು ಯಾವಾಗ ಇಳಿಸಬೇಕು ಎಂಬ ಚರ್ಚೆ ಆಟಗಾರನ ಕಿವಿಗೆ ಬೀಳುವುದು ಅಲ್ಲಿ ಮಾತ್ರ. ಪೋರ್ಚುಗಲ್‌ನ ಪೋರ್ಟೊ 2004ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಾಗ ನೂನೊ ಕೂಡ ಮೀಸಲು ಕೀಪರ್ ಆಗಿದ್ದವರೇ.

ಭುಜ ಎರಡನೇ ಸಲ ಕಳಚಿದ ಮೇಲೆ, 36ನೇ ವಯಸ್ಸಿನಲ್ಲಿ, ಅವರು ಆಟ ನಿಲ್ಲಿಸಿದರು. ಕೀಪರ್‌ಗಳ ಮಟ್ಟಿಗೆ ಅದು ತೀರ ತಡವೂ ಅಲ್ಲ. ಕ್ಲಬ್ಬು ಗೋಲ್‌ಕೀಪಿಂಗ್ ಕೋಚ್ ಕೆಲಸ ಕೊಟ್ಟಿತು, ಅವರು ಯೋಚಿಸದೆ ಒಪ್ಪಿಕೊಂಡರು. ಯೋಚಿಸಬೇಕಿತ್ತು ಎಂದು ಈಗ ಅವರೇ ಹೇಳುತ್ತಾರೆ. ಗೋಲ್‌ಕೀಪಿಂಗ್ ಕೋಚ್‌ಗೆ ಲೈಸೆನ್ಸೂ ಬೇರೆ, ಮೈದಾನದ ಮೂಲೆಯೂ ಬೇರೆ. ಇಡೀ ತಂಡ ಒಂದು ಕಡೆ ಪಾಸ್ ಮಾಡುತ್ತಾ ಓಡುತ್ತಿದ್ದರೆ ಈತ ಮೂವರು ಕೀಪರ್‌ಗಳೊಂದಿಗೆ ಇನ್ನೊಂದು ಗೋಲುಪೆಟ್ಟಿಗೆಯ ಮುಂದೆ ಇರುತ್ತಾನೆ. ಆ ಮೂವರ ಮನಸ್ಸು ಅವನಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಉಳಿದ ಇಪ್ಪತ್ತೆರಡು ಮಂದಿಯನ್ನು ಒಟ್ಟಾಗಿ ನಿಭಾಯಿಸುವುದು ಹೇಗೆಂದು ಕಲಿಯುವ ಸಂದರ್ಭವೇ ಬರುವುದಿಲ್ಲ. ಕೀಪರ್‌ಗಳು ಮುಖ್ಯ ಕೋಚ್ ಆಗದಿರುವುದಕ್ಕೆ ಆಡಳಿತ ಮಂಡಳಿಗಳ ಪೂರ್ವಗ್ರಹ ಒಂದು ಕಾರಣವಾದರೆ ಈ ಮೂಲೆಯ ಬದುಕು ಇನ್ನೊಂದು. ಎರಡನೆಯದನ್ನು ಯಾರೂ ಮಾತಾಡುವುದಿಲ್ಲ.

ಮೊದಲ ಗೆಲುವುಗಳು ಹೇಳಿದ ಸುಳ್ಳು

ಋತುವಿನ ನಡುವೆ ಮುಖ್ಯ ಕೋಚ್‌ನನ್ನು ಕ್ಲಬ್ಬು ವಜಾ ಮಾಡಿತು. ತಂಡ ಪ್ರತಿ ಪಂದ್ಯದಲ್ಲೂ ಗೋಲುಗಳನ್ನು ಬಿಟ್ಟುಕೊಡುತ್ತಿತ್ತು. ಹೊಸಬರು ಸಿಗುವವರೆಗೆ ನೋಡಿಕೊಳ್ಳಿ ಎಂದು ಇವರನ್ನು ಕೇಳಿದರು. ಇವರು ಮಾಡಿದ ಮೊದಲ ಕೆಲಸ ರಕ್ಷಣಾ ಸಾಲನ್ನು ಹಿಂದಕ್ಕೆ ತಂದು ಪೆನಾಲ್ಟಿ ಪ್ರದೇಶದ ಮುಂದೆ ಒತ್ತಾಗಿ ನಿಲ್ಲಿಸಿದ್ದು. ಗೋಲು ಸೋರುವುದು ನಿಂತಿತು, ಸತತವಾಗಿ ಕೆಲವು ಪಂದ್ಯ ಗೆದ್ದರು, ಬೇಸಿಗೆಯಲ್ಲಿ ಹುದ್ದೆ ಕಾಯಂ ಆಯಿತು.

ತೂತು ಬಿದ್ದ ತಂಡಕ್ಕೆ ತೂತು ಮುಚ್ಚುವವನು ಬೇಕಿತ್ತು, ಅದು ಸರಿಯೇ. ಆದರೆ ಕ್ಲಬ್ಬು ಆ ಕೆಲವು ವಾರಗಳನ್ನು ನೋಡಿ ಇವರಲ್ಲಿ ಪೂರ್ಣ ಋತುವಿನ ಕೋಚ್‌ನನ್ನು ಕಂಡಿತು, ಇವರೂ ಹಾಗೆಯೇ ಕಂಡುಕೊಂಡರು. ಹೊಸ ಋತುವಿಗೆ ಮುಂಚೆ ದಾಳಿಯ ಬಗ್ಗೆ ಯಾವ ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲ. ಸಹಾಯಕರಾಗಿ ಅವರು ಆರಿಸಿಕೊಂಡ ಇಬ್ಬರೂ ಹಳೆಯ ಡಿಫೆಂಡರ್‌ಗಳು. ಗೋಲ್‌ಕೀಪಿಂಗ್ ಕೋಚ್ ಆಗಿ ಬಂದವರು ಇವರಿಗಿಂತ ಹತ್ತು ವರ್ಷ ಚಿಕ್ಕವರು. ಆ ನೇಮಕವೇ ಮುಂದಿನ ತಲೆನೋವಿಗೆ ಬೀಜ.

ಸಮಸ್ಯೆ

ಋತುವಿನ ಮೊದಲ ಭಾಗದಲ್ಲಿ ಡ್ರಾಗಳ ಸಾಲು. 0–0, 1–1, ಮತ್ತೆ 0–0. ಸೋಲು ಕಡಿಮೆ, ಗೆಲುವು ಇನ್ನೂ ಕಡಿಮೆ. ಅಂಕಪಟ್ಟಿಯಲ್ಲಿ ತಂಡ ನಿಧಾನವಾಗಿ ಕೆಳಗಿಳಿಯಿತು. ಕ್ಲಬ್ಬಿನವರು ಸ್ಟ್ರೈಕರ್‌ಗೆ ಆತ್ಮವಿಶ್ವಾಸ ಇಲ್ಲ ಎಂದರು. ಅದು ಯಾವ ಸ್ಟ್ರೈಕರ್ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು.

ಸುಳಿವು ಕೊಟ್ಟವನು ವಿಡಿಯೊ ವಿಶ್ಲೇಷಣೆ ಮಾಡುತ್ತಿದ್ದ ಹುಡುಗ. ಎಡಬದಿಯ ಫುಲ್‌ಬ್ಯಾಕ್, ಅಂದರೆ ಬದಿಯ ಡಿಫೆಂಡರ್, ಚೆಂಡು ಮುಟ್ಟಿದ ತುಣುಕುಗಳನ್ನೆಲ್ಲ ಅವನು ಒಟ್ಟಿಗೆ ಹಾಕಿದ್ದ. ಮೊದಲಾರ್ಧದಲ್ಲಿ ಆತ ಚೆಂಡು ಸಿಕ್ಕ ಕೂಡಲೇ ಹಿಂದಕ್ಕೆ ಕೊಡುತ್ತಾನೆ, ದ್ವಿತೀಯಾರ್ಧದಲ್ಲಿ ಮುಂದಕ್ಕೆ ಓಡುತ್ತಾನೆ. ಸುಸ್ತಾದ ಕಾಲಿನಲ್ಲಿ ಚೆನ್ನಾಗಿ ಆಡುವುದು ಹೇಗೆ? ಬಲಬದಿಯವನ ತುಣುಕುಗಳನ್ನು ಹಾಕಿ ನೋಡಿದರೆ ತಿರುಗಾಮುರುಗಾ: ಮೊದಲಾರ್ಧದಲ್ಲಿ ಧೈರ್ಯ, ದ್ವಿತೀಯಾರ್ಧದಲ್ಲಿ ಹಿಂಜರಿಕೆ. ತಂಡಗಳು ಬದಿ ಬದಲಿಸಿದಾಗ ಕೋಚ್ ಮತ್ತು ಬದಲಿ ಆಟಗಾರರು ಕೂರುವ ಡಗ್‌ಔಟಿನ ಮುಂದೆ ಬರುವ ಫುಲ್‌ಬ್ಯಾಕ್ ಬದಲಾಗುತ್ತಾನೆ. ಯಾರು ಕೋಚ್‌ನ ಕೂಗಿನ ಅಳತೆಯೊಳಗೆ ಇರುತ್ತಾರೋ ಅವರು ಕೆಡುತ್ತಿದ್ದರು.

ಹುಡುಗ ಇದನ್ನು ಮೊದಲು ನನಗೆ ತೋರಿಸಿದ, ಕೋಚ್‌ಗೆ ಹೇಳಲು ಅವನಿಗೆ ಭಯ. ಧ್ವನಿ ಸಹಿತ ಹಾಕಿ ನೋಡಿದೆವು. ಚೆಂಡು ಫುಲ್‌ಬ್ಯಾಕ್ ಕಡೆಗೆ ಹೊರಳುವ ಮೊದಲೇ ಮೈದಾನದ ಬದಿಗೆರೆಯಾದ ಟಚ್‌ಲೈನಿನಿಂದ ಕೋಚ್‌ನ ದನಿ: ‘ಹಿಂದೆ ಬಂದ! ಒಳಗೆ ಕೊಡು! ಬೇಡ, ಬೇಡ, ಹೊರಗೆ!’ ಇಪ್ಪತ್ತು ವರ್ಷ ಅವರು ಮಾಡಿದ ಕೆಲಸವೇ ಅದು. ಕೀಪರ್ ಬಾಯಿ ಮುಚ್ಚಿದರೆ ರಕ್ಷಣಾ ಸಾಲು ಕುರುಡಾಗುತ್ತದೆ. ಗೋಲಿನ ಬಾಯಿಯಿಂದ ಆಡಿದ ಮಾತು ನಾಲ್ವರಿಗೂ ಸಮಾನವಾಗಿ, ಬೆನ್ನ ಹಿಂದಿನಿಂದ ತಲುಪುತ್ತದೆ, ಅವರು ನೋಡಲಾಗದ್ದನ್ನು ಹೇಳುತ್ತದೆ. ಟಚ್‌ಲೈನಿನಿಂದ ಅದೇ ಮಾತು ಒಬ್ಬನಿಗೆ ಮಾತ್ರ ಕೇಳುತ್ತದೆ, ಅದೂ ಅವನ ಕಣ್ಣೆದುರಿಗೇ ಇರುವ ಸಂಗತಿಯನ್ನು ಹೇಳುತ್ತದೆ. ಆಟಗಾರ ಚೆಂಡನ್ನು ನೋಡಬೇಕೋ ಕೋಚ್‌ಗೆ ಕಿವಿಗೊಡಬೇಕೋ?

ಎರಡನೆಯ ತೊಡಕು ಮೂಲೆಯಲ್ಲಿತ್ತು. ತಂಡದ ಆಟ ಹಳಿ ತಪ್ಪಿದ ವಾರವೆಲ್ಲ ಅವರು ಅಭ್ಯಾಸದ ಅರ್ಧ ಹೊತ್ತನ್ನು ಕೀಪರ್‌ಗಳ ಬಳಿ ಕಳೆಯುತ್ತಿದ್ದರು. ಅಲ್ಲಿ ಅವರಿಗೆ ಎಲ್ಲ ಗೊತ್ತು, ಅಲ್ಲಿ ಯಾರೂ ಎದುರು ಪ್ರಶ್ನೆ ಕೇಳುವುದಿಲ್ಲ. ಹೊಸ ಗೋಲ್‌ಕೀಪಿಂಗ್ ಕೋಚ್ ಪಕ್ಕದಲ್ಲಿ ಕೋನ್‌ಗಳನ್ನು ಎತ್ತಿಡುತ್ತಾ ನಿಲ್ಲುತ್ತಿದ್ದರು. ಮೊದಲನೇ ಕೀಪರ್ ಕಿರಿಯ, ಕಾಲಾಟದಲ್ಲಿ ಜಾಣ. ಅವನು ಮೆಲ್ಲಗೆ ಗೋಲುಗೆರೆಗೆ ಅಂಟಿಕೊಂಡು ಆಡತೊಡಗಿದ, ಇವರು ಆಡುತ್ತಿದ್ದ ಹಾಗೆ. ಎದುರಾಳಿ ಪೆನಾಲ್ಟಿಗೆ ಚೆಂಡು ಇಟ್ಟಾಗ ಅವನು ಒದೆಯುವವನನ್ನು ನೋಡದೆ ಡಗ್‌ಔಟ್ ಕಡೆ ನೋಡುತ್ತಿದ್ದ.

ಮೂರನೆಯದು ಬದಲಿ ಆಟಗಾರರ ವಿಚಾರ. ಗೋಲು ಬಿಟ್ಟುಕೊಟ್ಟ ನಾಲ್ಕೈದು ನಿಮಿಷದೊಳಗೆ ಯಾರನ್ನಾದರೂ ಹೊರಗೆ ಕರೆಯುವುದು ಅವರ ರೂಢಿಯಾಗಿತ್ತು. ಇಸ್ರೇಲಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಕೆಲಸಕ್ಕೆ ಬಂತು. 286 ಪೆನಾಲ್ಟಿಗಳನ್ನು ನೋಡಿದಾಗ ಶೇ 28.7ರಷ್ಟು ಚೆಂಡುಗಳು ಗೋಲಿನ ನಡುಭಾಗಕ್ಕೆ ಬಂದಿದ್ದವು, ಆದರೆ ಕೀಪರ್‌ಗಳು ನಡುವೆ ನಿಂತದ್ದು ಶೇ 6.3ರಷ್ಟು ಸಲ ಮಾತ್ರ. ನಿಂತಲ್ಲೇ ನಿಂತು ಗೋಲು ಬಿಟ್ಟವನನ್ನು ಜನ ಬೈಯುತ್ತಾರೆ, ತಪ್ಪು ದಿಕ್ಕಿಗೆ ಹಾರಿದವನನ್ನು ಪಾಪ ಎನ್ನುತ್ತಾರೆ. ಹಾಗಾಗಿ ಏನಾದರೂ ಮಾಡಿದಂತೆ ಕಾಣಲು ಕೀಪರ್ ಹಾರುತ್ತಾನೆ. ಅಂಕಿಗಳನ್ನು ಅವರ ಮುಂದಿಟ್ಟಾಗ ಕೀಪರ್ ಆಗಿ ಅವರು ನಕ್ಕರು, ‘ಇದು ನಮಗೆಲ್ಲ ಗೊತ್ತಿರುವುದೇ’ ಎಂದರು. ಅವರ ಬದಲಿ ಆಟಗಾರರ ಸಮಯಗಳನ್ನು ಅದರ ಪಕ್ಕದಲ್ಲಿಟ್ಟಾಗ ನಗಲಿಲ್ಲ.

ಪ್ರಯತ್ನಗಳು

ಮೊದಲ ಪರಿಹಾರ ಕ್ಲಬ್ಬಿನದು: ದಾಳಿಗೆಂದು ಪ್ರತ್ಯೇಕ ಕೋಚ್ ಒಬ್ಬರನ್ನು ತಂದರು. ಹಿಂದೆ ವಿಂಗರ್ ಆಗಿದ್ದವರು, ತಿಳಿದವರು. ಆದರೆ ಅವರಿಗೆ ಅಭ್ಯಾಸದಲ್ಲಿ ಒಂದು ಗಂಟೆಯ ಅಧಿಕಾರವನ್ನೂ ಯಾರೂ ಬರೆದುಕೊಡಲಿಲ್ಲ. ಗುರುವಾರ ಅವರು ಕಲಿಸಿದ ಚಲನೆಯನ್ನು ಶುಕ್ರವಾರ ‘ಇದು ನಮ್ಮ ಹಿಂದೆ ಜಾಗ ಬಿಡುತ್ತದೆ’ ಎಂದು ಮುಖ್ಯ ಕೋಚ್ ಕಿತ್ತುಹಾಕುತ್ತಿದ್ದರು. ಕೀಪರ್‌ನ ಕಣ್ಣಿಗೆ ಪ್ರತಿ ದಾಳಿಯೂ ಮೊದಲು ಕಾಣುವುದು ಹಿಂದೆ ಬಿಟ್ಟ ಜಾಗವಾಗಿ. ಈ ನೇಮಕದಿಂದ ಏನೂ ಆಗಲಿಲ್ಲ ಎಂದರೆ ತಪ್ಪಾದೀತು, ಡ್ರೆಸ್ಸಿಂಗ್ ರೂಮಿನಲ್ಲಿ ಎರಡು ಬಣ ಆದವು.

ಮೊದಲಾರ್ಧವನ್ನು ಸ್ಟ್ಯಾಂಡಿನಲ್ಲಿ ಕೂತು ನೋಡಿ ಎಂದು ನಾನು ಸೂಚಿಸಿದ್ದೆ. ಅವರು ಒಪ್ಪಲಿಲ್ಲ. ಆಟಗಾರರನ್ನು ಕೆಳಗೆ ಬಿಟ್ಟು ತಾನು ಮೇಲೆ ಕೂರುವುದು ಹೇಡಿತನ ಎಂದರು. ಕಡೆಗೆ ಅವರನ್ನು ಮೇಲಕ್ಕೆ ಕಳುಹಿಸಿದ್ದು ಹಳದಿ ಕಾರ್ಡುಗಳು. 2019ರಿಂದ ಕೋಚ್‌ಗಳಿಗೂ ಕಾರ್ಡ್ ತೋರಿಸಬಹುದು. ನಾಲ್ಕನೇ ರೆಫರಿಯ ಜೊತೆ ಜಗಳವಾಡಿ ಅವು ಒಟ್ಟಾಗಿ ಒಂದು ಪಂದ್ಯದ ಅಮಾನತು ಬಂತು. ಆ ಲೀಗಿನ ನಿಯಮದಂತೆ ಡಗ್‌ಔಟಿನೊಂದಿಗೆ ಮಾತಾಡುವಂತೆಯೂ ಇರಲಿಲ್ಲ.

ನಾನು ಪಕ್ಕದಲ್ಲಿದ್ದೆ. ಮೊದಲ ಹತ್ತು ನಿಮಿಷ ಅವರು ಪ್ರತಿ ಪಾಸಿಗೂ ಗೊಣಗಿದರು. ಮುಂದಿನ ಸಾಲಿನ ಪ್ರೇಕ್ಷಕನೊಬ್ಬ ತಿರುಗಿ ನೋಡಿದ. ಆಮೇಲೆ ಮೌನ. ಸುಮಾರು ಅರ್ಧ ಗಂಟೆಯ ಹೊತ್ತಿಗೆ ನೋಟ್‌ಪುಸ್ತಕದಲ್ಲಿ ಮೈದಾನದ ಆಯತ ಗೀಚಿ, ನಮ್ಮ ಕೊನೆಯ ಡಿಫೆಂಡರ್‌ನಿಂದ ಸ್ಟ್ರೈಕರ್‌ವರೆಗೆ ಒಂದು ಗೆರೆ ಎಳೆದು, ‘ಇಷ್ಟು ದೂರವಾ?’ ಎಂದರು. ಅರ್ಧ ಮೈದಾನಕ್ಕಿಂತ ಹೆಚ್ಚಿತ್ತು. ಸ್ಟ್ರೈಕರ್‌ಗೆ ಚೆಂಡು ಸಿಕ್ಕಾಗಲೆಲ್ಲ ಮೂವರು ಎದುರಾಳಿಗಳು, ಹತ್ತಿರದಲ್ಲಿ ನಮ್ಮವನೊಬ್ಬನೂ ಇಲ್ಲ.

ಇಡೀ ಮೈದಾನ ಕಾಣುತ್ತದೆ ಎಂಬ ಮಾತು ಅಲ್ಲಿ ಬಿದ್ದುಹೋಯಿತು. ಕೀಪರ್‌ಗೆ ಮೈದಾನ ಕಾಣುವುದು ಒಂದು ತುದಿಯಿಂದ, ನೆಲಮಟ್ಟದಲ್ಲಿ. ಅಡ್ಡಗಲದಲ್ಲಿ ಯಾರು ಎಲ್ಲಿದ್ದಾರೆ ಎಂಬುದು ಅವನಿಗೆ ಖಚಿತ. ಉದ್ದದ ಅಂತರಗಳು ಒಂದರ ಮೇಲೊಂದು ಬಿದ್ದು ಚಪ್ಪಟೆಯಾಗಿ ಕಾಣುತ್ತವೆ. ನೂರು ಮೀಟರ್ ಆಚೆಯ ಸ್ಟ್ರೈಕರ್ ಒಂಟಿಯಾಗಿದ್ದಾನೆಯೇ ಎಂಬುದು ಅವನು ಜೀವಮಾನದಲ್ಲಿ ಅಳೆಯಬೇಕಾಗಿ ಬಂದ ಸಂಗತಿಯೇ ಅಲ್ಲ.

ಆ ಪಂದ್ಯವನ್ನು ತಂಡ ಸೋತಿತು. ಆದರೂ ಫುಲ್‌ಬ್ಯಾಕ್‌ಗಳಿಬ್ಬರೂ ಎರಡೂ ಅರ್ಧಗಳಲ್ಲಿ ಮುಂದಕ್ಕೆ ಓಡಿದರು. ಆ ರಾತ್ರಿಯೇ ವಿಶ್ಲೇಷಣೆಯ ಹುಡುಗನ ತುಣುಕುಗಳನ್ನು ತೋರಿಸಿದೆವು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆವು. ಅವರು ಎರಡು ಸಲ ನೋಡಿದರು, ಎರಡನೇ ಸಲ ಧ್ವನಿ ನಿಲ್ಲಿಸಿ. ಸ್ಟ್ಯಾಂಡಿಗೆ ಹೋಗುವ ಮೊದಲು ತೋರಿಸಿದ್ದರೆ ಖಂಡಿತ ವಾದ ಮಾಡುತ್ತಿದ್ದರು.

ಮುಂದಿನ ವಾರ ಬರವಣಿಗೆಯಲ್ಲಿ ಕೆಲವು ಕಟ್ಟಳೆಗಳಾದವು. ಕೋಚ್ ನಿಲ್ಲುವ ಟೆಕ್ನಿಕಲ್ ಏರಿಯಾದಿಂದ ಒಂದು ಸಲಕ್ಕೆ ಒಬ್ಬರು ಮಾತ್ರ ಸೂಚನೆ ಕೊಡಬಹುದು ಎಂದು ಆಟದ ನಿಯಮವೇ ಹೇಳುತ್ತದೆ. ಮೊದಲಾರ್ಧದಲ್ಲಿ ಆ ಒಬ್ಬರು ದಾಳಿಯ ಕೋಚ್. ಮುಖ್ಯ ಕೋಚ್ ಬಾಯಿ ಬಿಡುವುದು ಚೆಂಡು ಆಟದಲ್ಲಿ ಇಲ್ಲದಾಗ ಮಾತ್ರ. ಗೋಲು ಬಿಟ್ಟುಕೊಟ್ಟ ಹತ್ತು ನಿಮಿಷದೊಳಗೆ, ಗಾಯ ಅಥವಾ ಕೆಂಪು ಕಾರ್ಡ್ ಹೊರತು, ಬದಲಿ ಇಲ್ಲ. ಗುರುವಾರದ ಅಭ್ಯಾಸ ದಾಳಿಯ ಕೋಚ್‌ನದು, ಶುಕ್ರವಾರ ಅದನ್ನು ಮುಟ್ಟುವಂತಿಲ್ಲ. ಕೀಪರ್‌ಗಳ ಮೂಲೆಗೆ ಮುಖ್ಯ ಕೋಚ್ ಹೋಗುವಂತಿಲ್ಲ. ಈ ಕೊನೆಯದಕ್ಕೆ ಸಹಿ ಹಾಕುವಾಗ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದರು.

ಆಮೇಲೆ ಆದದ್ದು

ಕಟ್ಟಳೆ ಬರೆಯುವುದು ಸುಲಭ. ಅದರ ಪರೀಕ್ಷೆ ಕಾಲಾಟದ ರೂಪದಲ್ಲಿ ಬಂತು. 2019ರ ಇನ್ನೊಂದು ಬದಲಾವಣೆಯಂತೆ ಗೋಲ್‌ಕಿಕ್ (ಗೋಲಿನ ಮುಂದಿನಿಂದ ಆಟ ಮತ್ತೆ ಶುರು ಮಾಡುವ ಒದೆತ) ಮಾಡಿದ ಚೆಂಡು ಪೆನಾಲ್ಟಿ ಪ್ರದೇಶದಿಂದ ಹೊರಗೆ ಹೋಗಲೇಬೇಕೆಂದಿಲ್ಲ, ಒಳಗಿರುವ ಡಿಫೆಂಡರ್‌ಗೇ ಕೊಡಬಹುದು. ಕಿರಿಯ ಕೀಪರ್‌ಗೆ ಅದು ಬೇಕಿತ್ತು. ದಾಳಿಯ ಕೋಚ್‌ಗೂ ಬೇಕಿತ್ತು, ಏಕೆಂದರೆ ಎದುರಾಳಿಗಳನ್ನು ಮುಂದಕ್ಕೆ ಎಳೆದರೆ ಆ ಉದ್ದನೆಯ ಅಂತರ ತುಂಬಿಕೊಳ್ಳುತ್ತದೆ. ಇವರು ಒಪ್ಪಿದರು, ಮೈಯೆಲ್ಲ ಬೇಡ ಎನ್ನುತ್ತಿದ್ದರೂ.

ಮೂರನೆಯದೋ ನಾಲ್ಕನೆಯದೋ ಪಂದ್ಯ. ಕೀಪರ್ ತನ್ನ ಸ್ಟಾಪರ್‌ಗೆ, ಅಂದರೆ ನಡುವಿನ ಡಿಫೆಂಡರ್‌ಗೆ, ಆರು ಮೀಟರ್ ದೂರದಲ್ಲಿ ಚೆಂಡು ಕೊಟ್ಟ, ಅದು ಮರಳಿ ಬಂತು, ಎರಡನೇ ಸಲ ಮುಟ್ಟುವಷ್ಟರಲ್ಲಿ ಎದುರಾಳಿ ಕಾಲು ಚಾಚಿದ, ಚೆಂಡು ಖಾಲಿ ಗೋಲಿಗೆ ಉರುಳಿತು. ಸ್ವಂತ ಮೈದಾನ, ಪ್ರೇಕ್ಷಕರ ಕೂಗಾಟ. ಕೀಪರ್ ಎಂದಿನಂತೆ ಡಗ್‌ಔಟ್ ಕಡೆ ನೋಡಿದ. ಇವರು ಕೈ ಕಟ್ಟಿಕೊಂಡು, ಮುಖದಲ್ಲಿ ಏನನ್ನೂ ತೋರದೆ ನಿಂತಿದ್ದರು. ಬದಲಿ ಆಟಗಾರ ಎದ್ದು ಮೈ ಬಿಸಿ ಮಾಡಿಕೊಳ್ಳಲು ಹೊರಟಾಗ ಕೂರು ಎಂದು ಸನ್ನೆ ಮಾಡಿದರು. ಮುಂದಿನ ಗೋಲ್‌ಕಿಕ್ ಬಂದಾಗ ಸ್ಟಾಪರ್ ಚೆಂಡು ಕೇಳದೆ ಬೆನ್ನು ತಿರುಗಿಸಿದ. ಕೀಪರ್ ಅವನ ಹೆಸರು ಕೂಗಿ ಕರೆದು, ಅದೇ ಆರು ಮೀಟರ್ ಪಾಸ್ ಕೊಟ್ಟ.

ನನ್ನ ಮಟ್ಟಿಗೆ ಈ ಪ್ರಕರಣದ ತಿರುವು ಇದು. ಸ್ಟ್ಯಾಂಡಿನಲ್ಲಿ ಅವರಿಗೆ ವಿಷಯ ಅರ್ಥವಾಯಿತು, ಇಲ್ಲಿ ಅವರು ಅದರ ಬೆಲೆ ಕೊಟ್ಟರು. ಆಟಗಾರರು ಕೋಚ್‌ನ ನಂಬಿಕೆಯನ್ನು ಅಳೆಯುವುದು ಗೋಲು ಬಿದ್ದ ಮೇಲಿನ ಎರಡು ನಿಮಿಷಗಳಲ್ಲಿ. ಆ ಪಂದ್ಯ 1–1ರಲ್ಲಿ ಮುಗಿಯಿತು, ಮತ್ತೊಂದು ಡ್ರಾ. ಆದರೆ ಅಲ್ಲಿಂದ ಕೀಪರ್ ಬೆಂಚಿನ ಕಡೆ ನೋಡುವುದನ್ನು ಬಿಟ್ಟ.

ತಂಡ ಆ ಋತುವಿನಲ್ಲಿ ಕೆಳಗಿನ ದರ್ಜೆಗೆ ಹಿಂಬಡ್ತಿ ತಪ್ಪಿಸಿಕೊಂಡಿತು, ಮರುವರ್ಷ ಅಂಕಪಟ್ಟಿಯ ಮೇಲರ್ಧದಲ್ಲಿ ಮುಗಿಸಿತು. ಆಮೇಲೆ ಒಪ್ಪಂದ ನವೀಕರಣವಾಗಲಿಲ್ಲ. ಹೊಸದಾಗಿ ಬಂದ ಆಡಳಿತಕ್ಕೆ ದೊಡ್ಡ ಹೆಸರು ಬೇಕಿತ್ತು. ಈಗ ಅವರು ಒಂದು ಯುವ ಅಕಾಡೆಮಿಯ ಮುಖ್ಯಸ್ಥರು. ಅಲ್ಲಿನ ಕಿರಿಯ ಕೀಪರ್‌ಗಳು ಅಭ್ಯಾಸದ ಅರ್ಧ ಹೊತ್ತು ಉಳಿದವರ ಜೊತೆ ಪಾಸ್ ಆಟದಲ್ಲೇ ಇರುತ್ತಾರೆ, ಗೋಲ್‌ಕೀಪಿಂಗ್ ಕೋಚ್‌ಗಳು ವಾರಕ್ಕೊಮ್ಮೆ ಇಡೀ ತಂಡಕ್ಕೆ ಅಭ್ಯಾಸ ನಡೆಸಲೇಬೇಕು. ಗೋಲ್‌ಕೀಪಿಂಗ್ ಕೋಚ್ ಒಬ್ಬರು ಇದು ನನ್ನ ಕೆಲಸವಲ್ಲ ಎಂದು ಬಿಟ್ಟುಹೋದರಂತೆ.

ಬೇರೆಯವರಿಗೆ ಇದರಲ್ಲಿ ಏನಿದೆ

ಕೀಪರ್ ಆಗಿದ್ದವರನ್ನು ನೇಮಿಸಲು ಹೊರಟ ಕ್ಲಬ್ಬು ಅವರ ಆಟದ ದಾಖಲೆ ನೋಡುವುದಕ್ಕಿಂತ, ಮೂಲೆ ಬಿಟ್ಟು ಎಷ್ಟು ಕಾಲ ಕೆಲಸ ಮಾಡಿದ್ದಾರೆ ಎಂದು ಕೇಳಬೇಕು. ಸಹಾಯಕರಲ್ಲಿ ಒಬ್ಬರಾದರೂ ಮುಂಚೂಣಿಯಲ್ಲಿ ಆಡಿದವರು ಇರಬೇಕು, ಅವರ ಅಧಿಕಾರ ಕಾಗದದ ಮೇಲೆ ಇರಬೇಕು. ಹಂಗಾಮಿ ಕೋಚ್‌ನ ಗೆಲುವುಗಳನ್ನು ಕಂಡು ಕಾಯಂ ಮಾಡುವ ಮುನ್ನ, ಆ ಗೆಲುವು ಯಾವ ಒಂದು ರೋಗಕ್ಕೆ ಮದ್ದಾಗಿತ್ತು ಎಂದು ನೋಡಬೇಕು. ಇದು ಕೀಪರ್‌ಗಳಿಗೆ ಮಾತ್ರ ಅನ್ವಯಿಸುವ ಮಾತೂ ಅಲ್ಲ. ವಿಶ್ಲೇಷಣೆಯ ಹುಡುಗನಿಗೆ ಕೋಚ್ ಬಳಿ ನೇರವಾಗಿ ಹೋಗುವ ದಾರಿ ಇದ್ದಿದ್ದರೆ ಕನಿಷ್ಠ ಎರಡು ತಿಂಗಳು ಉಳಿಯುತ್ತಿತ್ತು.

ಒಂದು ವಿಷಯದಲ್ಲಿ ನಾವಿಬ್ಬರೂ ಇನ್ನೂ ಒಪ್ಪಿಲ್ಲ. ಎರಡನೇ ಋತುವಿನಲ್ಲಿ ಕಪ್ ಪಂದ್ಯವೊಂದು ಹೆಚ್ಚುವರಿ ಸಮಯ ಮುಗಿದು ಪೆನಾಲ್ಟಿ ಶೂಟೌಟ್‌ಗೆ ಹೊರಳುತ್ತಿತ್ತು. ಬೆಂಚಿನಲ್ಲಿದ್ದ ಎರಡನೇ ಕೀಪರ್ ಪೆನಾಲ್ಟಿ ತಡೆಯುವುದರಲ್ಲಿ ಮೊದಲನೆಯವನಿಗಿಂತ ಸ್ಪಷ್ಟವಾಗಿ ಉತ್ತಮ, ಬದಲಿಗೆ ಅವಕಾಶವೂ ಉಳಿದಿತ್ತು. 2014ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಕೋಸ್ಟರಿಕಾ ವಿರುದ್ಧ ನೆದರ್ಲೆಂಡ್ಸ್ ಕೋಚ್ ಲೂಯಿ ವಾನ್ ಗಾಲ್ ಅದನ್ನೇ ಮಾಡಿದ್ದರು: ಕೊನೆಯ ಗಳಿಗೆಯಲ್ಲಿ ಕೀಪರ್ ಸಿಲೆಸನ್ ಬದಲು ಟಿಮ್ ಕ್ರೂಲ್. ಕ್ರೂಲ್ ಎರಡು ತಡೆದರು, ನೆದರ್ಲೆಂಡ್ಸ್ ಗೆದ್ದಿತು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಎದುರು ಬದಲಿಗಳು ಮುಗಿದಿದ್ದವು, ಸಿಲೆಸನ್ ಅವರೇ ಶೂಟೌಟ್ ಎದುರಿಸಿದರು, ತಂಡ ಸೋತಿತು.

ಇವರು ಬದಲಿಸಲಿಲ್ಲ. ಶೂಟೌಟ್ ಸೋತರು. ಕಿರಿಯನನ್ನು ಆ ಹೊತ್ತಿನಲ್ಲಿ ಹೊರಗೆ ಕರೆದಿದ್ದರೆ ಗೋಲ್‌ಕಿಕ್ ದಿನದಿಂದ ಕಟ್ಟಿದ್ದೆಲ್ಲ ಒಂದು ನಿಮಿಷದಲ್ಲಿ ಕುಸಿಯುತ್ತಿತ್ತು ಎಂಬುದು ಅವರ ವಾದ. ಬೆಂಚಿನ ಮೇಲೆ ವರ್ಷಗಟ್ಟಲೆ ಕೂತಿದ್ದ ವ್ಯಕ್ತಿ ಬೆಂಚಿನ ಮೇಲಿನ ಕೀಪರ್‌ನ ದಿನವನ್ನು ಗುರುತಿಸಬೇಕಿತ್ತು ಎಂಬುದು ನನ್ನದು. ಆ ಎರಡನೇ ಕೀಪರ್ ಋತು ಮುಗಿದ ಕೂಡಲೇ ಬೇರೆ ಕ್ಲಬ್ಬಿಗೆ ಹೋದ.